ಸರದಾರನ ಗುಳಿಗೆ

ಮಣ, ಸೇರುಗಳು ಹೋಗಿ ಕಿಲೋ ಕಲ್ಲುಗಳು ಬಂದ ಹೊಸತರಲ್ಲಿ ಹತ್ತಿಮತ್ತೂರಿನ ರೈತರಿಗೆ ತೂಕದ ವಿಷಯದಲ್ಲಿ ಬಾಯಿ ತೆರೆಯುವುದೇ ಕಷ್ಟವಾಗಿತ್ತು. ಹಳೆಯ ಲೆಕ್ಕ ಕೈಬಿಟ್ಟಿತ್ತು, ಹೊಸದು ಇನ್ನೂ ತಲೆಗೆ ಹತ್ತಿರಲಿಲ್ಲ. ಹತ್ತಿ ವ್ಯಾಪಾರಿ ಮಲ್ಲೇಶಪ್ಪನಿಗೆ ಅದೇ ಸುಗ್ಗಿ. ಅವನ ಅಂಗಳದ ನಡುವೆ ದೊಡ್ಡ ತಕ್ಕಡಿ, ಪಕ್ಕದಲ್ಲಿ ಮಂಚ, ಮಂಚದ ಮೇಲೆ ಮಲ್ಲೇಶಪ್ಪ, ಅವನ ಕೈಯಲ್ಲಿ ಒಂದು ಸರಪಳಿ. ಸರಪಳಿಯ ಆ ತುದಿಯಲ್ಲಿ ಸರದಾರ.

ಸರದಾರ ಎಂದರೆ ಕರುವಿನಷ್ಟು ಎತ್ತರದ ಕಂದು ನಾಯಿ. ಯಾವನಾದರೂ ರೈತ, ಹತ್ತಿ ತುಂಬಿದ ಅಂಡಿಗೆ ಚೀಲ ಯಾಕೋ ಕಡಿಮೆ ತೂಗಿತಲ್ಲ ಎಂದು ಗೊಣಗಿದರೆ ಮಲ್ಲೇಶಪ್ಪ ಮಾತಾಡುತ್ತಿರಲಿಲ್ಲ. ಸರಪಳಿಯನ್ನು ಕೈಯಿಂದ ಒಂದು ಗೇಣು ಸಡಿಲ ಬಿಡುತ್ತಿದ್ದ. ನಾಯಿ ಮುಂದಕ್ಕೆ ಜಿಗಿಯುತ್ತಿತ್ತು, ರೈತ ಹಿಂದಕ್ಕೆ ಜಿಗಿಯುತ್ತಿದ್ದ, ತೂಕದ ಮಾತು ಅಲ್ಲಿಗೆ ಮುಗಿಯುತ್ತಿತ್ತು. ನಾಯಿಯನ್ನು ಹಾಗೆ ಮಾಡಿಟ್ಟವನೂ ಅವನೇ. ಮರಿಯಾಗಿದ್ದಾಗಿನಿಂದ ಹತ್ತಿಕಾಳು ತುಂಬುವ, ಕಿಟಕಿಯಿಲ್ಲದ ಕೋಣೆಯಲ್ಲಿ ಕೂಡಿಹಾಕಿ, ಖಾರದ ಪುಡಿ ಕಲಸಿದ ರೊಟ್ಟಿಯನ್ನು ಅರೆಹೊಟ್ಟೆಗೆ ಹಾಕಿ ಬೆಳೆಸಿದ್ದ. ಮುದ್ದು ಮಾಡಿದ ನಾಯಿ ಕೆಟ್ಟುಹೋಗುತ್ತದೆ ಎಂಬುದು ಅವನ ನಂಬಿಕೆ. ತೂಕದ ಹೊತ್ತಿಗೆ ಮಾತ್ರ ಅದಕ್ಕೆ ಬೆಳಕು.

ಆ ಅಂಗಳದಲ್ಲಿ ಕಲ್ಲು ಎತ್ತಿ ಇಳಿಸುವ ಸಂಬಳದ ಆಳು ಬೀರಪ್ಪ. ಅವನ ಹೆಂಡತಿ ಶೇಖವ್ವ. ಸಂಕ್ರಾಂತಿ ಕಳೆದು ಮೊದಲ ಬಿಡಿಸಿನ ಹತ್ತಿ ಬರುತ್ತಿದ್ದಾಗ, ಒಂದು ದಿನ ಶೇಖವ್ವ ಮಗಳು ಅನ್ನವ್ವನ ಕೈಯಲ್ಲಿ ಗಂಡನಿಗೆ ಬುತ್ತಿ ಕಳಿಸಿದಳು. ಏಳು ವರ್ಷದ ಹುಡುಗಿ ಬುತ್ತಿಗಂಟನ್ನು ತಲೆಯ ಮೇಲಿಟ್ಟುಕೊಂಡು ಅಂಗಳಕ್ಕೆ ಕಾಲಿಡುವುದಕ್ಕೂ, ಮಲ್ಲೇಶಪ್ಪ ಯಾರನ್ನೋ ಹೆದರಿಸಲು ಸರಪಳಿ ಸಡಿಲಿಸುವುದಕ್ಕೂ, ಬೀರಪ್ಪನೇ ತಕ್ಕಡಿಯ ಪರಡಿಗೆ ಕಲ್ಲನ್ನು ಧಡ್ ಎಂದು ಹಾಕುವುದಕ್ಕೂ ಸರಿಹೋಯಿತು. ಸದ್ದಿಗೆ ಬೆದರಿದ ನಾಯಿ ರೈತನನ್ನು ಬಿಟ್ಟು ಹುಡುಗಿಯ ತೊಡೆಗೆ ಬಾಯಿ ಹಾಕಿತು.

ಶೇಖವ್ವ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಸವಣೂರಿಗೆ ನಡೆದಳು. ದವಾಖಾನೆಯ ಡಾಕ್ಟರು ಗಾಯ ತೊಳೆದು, ನಾಯಿ ಯಾರದೆಂದು ಕೇಳಿದರು; ಶೇಖವ್ವ ಮಲ್ಲೇಶಪ್ಪನ ಹೆಸರು ಹೇಳಿದಳು. ಸಾಕಿದ ನಾಯಿಯಾಗಿದ್ದು, ಹತ್ತು ದಿನ ಆರೋಗ್ಯವಾಗಿ ಬದುಕಿದ್ದರೆ ಅದಕ್ಕೆ ಹುಚ್ಚು ಇಲ್ಲವೆಂದು ತಿಳಿಯುತ್ತದೆ, ಆಗ ಹುಡುಗಿಗೆ ಹೊಟ್ಟೆಯ ಸೂಜಿ ಬೇಕಾಗುವುದಿಲ್ಲ ಎಂದರು. ವಿಚಾರಿಸಲು ಜವಾನನೊಬ್ಬ ಊರಿಗೂ ಹೋಗಿ ಬಂದ. ಮಲ್ಲೇಶಪ್ಪ ಮಂಚದ ಮೇಲೆ ಕುಳಿತೇ ಅವನಿಗೆ, ತಮ್ಮ ನಾಯಿ ಕಟ್ಟಿದ ಜಾಗ ಬಿಟ್ಟು ಕದಲಿಲ್ಲ, ಯಾವುದೋ ಬೀದಿನಾಯಿ ಕಡಿದಿರಬೇಕು ಎಂದುಬಿಟ್ಟ. ಪೊಲೀಸು, ಪಂಚಾಯತಿ ಎಂದು ತಿರುಗುವುದು ಅವನಿಗೆ ಬೇಕಿರಲಿಲ್ಲ. ಬೀರಪ್ಪ ಅಲ್ಲೇ ನಿಂತಿದ್ದ. ಅವನು ಕೈಯಲ್ಲಿದ್ದ ಕಲ್ಲನ್ನು ನೋಡಿದ, ನೆಲ ನೋಡಿದ, ಬಾಯಿ ಮಾತ್ರ ಬಿಡಲಿಲ್ಲ.

ಹೀಗಾಗಿ ಬೇಡವಾಗಿದ್ದ ಸೂಜಿಗಳು ಆ ಕೂಸಿನ ಹೊಟ್ಟೆಗೆ ಬಿದ್ದವು. ಸವಣೂರಿನಲ್ಲಿ ವೀಳ್ಯದೆಲೆ ಮಾರುವ ಬಿಬಿಜಾನ ಎಂಬ ಹೆಂಗಸು ಅವರಿಗೆ ತನ್ನ ಪಡಸಾಲೆಯಲ್ಲಿ ಮಲಗಲು ಜಾಗ ಕೊಟ್ಟಳು. ದಿನಾ ಬೆಳಿಗ್ಗೆ ಶೇಖವ್ವ ಮಗಳ ಎರಡೂ ಕೈ ಹಿಡಿದು ನಿಲ್ಲುವಳು. ಮಗಳು ಅಳುವುದನ್ನೂ ಬಿಟ್ಟು ಅವ್ವನ ಮುಖವನ್ನೇ ನೋಡುವಳು. ನೀನೂ ಅವರ ಕಡೆಯವಳೇ ಏನು ಎಂದು ಕೇಳುವಂತಿತ್ತು ಆ ನೋಟ. ಶೇಖವ್ವ ಎದೆಯೊಳಗೆ ಮಲ್ಲೇಶಪ್ಪನ ಹೆಸರನ್ನು ಬರೆದುಕೊಂಡದ್ದು ಆಗಲೇ.

ಊರಿಗೆ ಬಂದ ಮೇಲೆ ಗಾಯ ಮಾಯಿತು, ಆದರೆ ಅನ್ನವ್ವ ಹೊಸ್ತಿಲ ಹತ್ತಿರ ಸುಳಿಯಲೊಲ್ಲಳು. ಬಾವಿಗೆ ಇಳಿಬಿಟ್ಟ ಕೊಡದ ಸರಪಳಿ ಗಲ್ ಎಂದರೂ ಹಗ್ಗದ ಹೊರಸಿನ ಕೆಳಗೆ ಸೇರಿಕೊಳ್ಳುವಳು. ಸಾಲಿಗೆ ಹೋಗುವ ಮಾತಂತೂ ನಿಂತೇಹೋಯಿತು. ಶೇಖವ್ವ ಬೈಯಲಿಲ್ಲ, ಎಳೆಯಲಿಲ್ಲ. ಹಿಟ್ಟು ನಾದುತ್ತ ಪಕ್ಕದಲ್ಲಿ ಕೂರಿಸಿಕೊಂಡು, ಅವಳಿಗೊಂದು ಸಣ್ಣ ರೊಟ್ಟಿ ಬಡಿಯಲು ಹಿಟ್ಟು ಕೊಟ್ಟು, ಏನಾದರೂ ಮಾತಾಡುತ್ತಿದ್ದಳು. ಮಗಳ ಮುಂದೆ ಅವಳ ದನಿ ಬೆಣ್ಣೆಯಂತಿರುತ್ತಿತ್ತು. ಒಳಗೆ ಕೆಂಡ ಹಾಗೇ ಇತ್ತು.

ಮುಂದೆ ಕೆಲವೇ ದಿನಗಳಲ್ಲಿ ಸರದಾರನಿಗೇ ಏನೋ ಆಯಿತು. ಕತ್ತಲೆಯಲ್ಲಿ ಗಾಣದೆತ್ತಿನಂತೆ ಸುತ್ತುವುದು, ತನ್ನ ಮುಂಗಾಲನ್ನೇ ಕಡಿದು ಕಡಿದು ರಕ್ತ ಮಾಡಿಕೊಳ್ಳುವುದು, ಕಲ್ಲು ಬಿದ್ದ ಸದ್ದಿಗೆ ಉಚ್ಚೆ ಹೊಯ್ದುಕೊಳ್ಳುವುದು. ಮಲ್ಲೇಶಪ್ಪ ಗಾಬರಿಯಾದ. ಗಾಡಿಗೆ ಹುಲ್ಲು ಹಾಸಿ, ಮೇಲೆ ಕಂಬಳಿ ಹಾಸಿ, ಬೀರಪ್ಪನನ್ನು ಗಾಡಿ ಹೊಡೆಯಲು ಕೂರಿಸಿ, ನಾಯಿಯನ್ನು ಸವಣೂರಿನ ದನದ ದವಾಖಾನೆಗೆ ಒಯ್ದ. ತನ್ನ ಮಗಳು ಬೆನ್ನ ಮೇಲೆ ನೇತಾಡುತ್ತ ಹೋದ ದಾರಿಯಲ್ಲಿ ನಾಯಿ ಕಂಬಳಿಯ ಮೇಲೆ ಹೋದದ್ದನ್ನು ಶೇಖವ್ವ ಬಾಗಿಲಲ್ಲಿ ನಿಂತು ನೋಡಿದಳು.

ಸಂಜೆ ಬೀರಪ್ಪ ಊಟಕ್ಕೆ ಕುಳಿತಾಗ ನಡೆದದ್ದನ್ನು ಹೇಳಿದ. ಅಲ್ಲಿಯ ಡಾಕ್ಟರು ಸಿರಾಜುದ್ದೀನ ಸಾಹೇಬರು ನಾಯಿಯನ್ನು ನೋಡಿ, ಇದಕ್ಕೆ ಮೈರೋಗವಿಲ್ಲ, ಅಂಜಿ ಅಂಜಿ ನರ ಕೆಟ್ಟಿದೆ ಎಂದರಂತೆ. ನರ ಶಾಂತವಾಗಲು ಬಿಳಿ ಗುಳಿಗೆ ಕೊಟ್ಟು, ಕತ್ತಲೆ, ಖಾರ, ಹೊಡೆತ ಎಲ್ಲ ಬಿಡಬೇಕೆಂದರಂತೆ. ಮಲ್ಲೇಶಪ್ಪ ಅಲ್ಲಿ ತಲೆ ಆಡಿಸಿ, ಊರ ದಾರಿಗೆ ಬಂದೊಡನೆ, ಈ ಗುಳಿಗೆ ತಿಂದರೆ ನಾಯಿ ಬೆಕ್ಕಿನಮರಿ ಆದೀತೆಂದು ಡಬ್ಬಿಯನ್ನು ಗಾಡಿಯಿಂದ ಎಸೆದನಂತೆ. ಡಬ್ಬಿ ಚೆಲೋ ಇತ್ತೆಂದು ಬೀರಪ್ಪ ಇಳಿದು ಎತ್ತಿಕೊಂಡು ರುಮಾಲಿನಲ್ಲಿ ಕಟ್ಟಿಕೊಂಡು ಬಂದಿದ್ದ.

ಶೇಖವ್ವ ಡಬ್ಬಿ ಇಸಿದುಕೊಂಡು ಹಿಟ್ಟಿನ ಗಡಿಗೆಯ ಹಿಂದೆ ಇಟ್ಟಳು. ಮೊದಲು ಅವಳಿಗೆ ಹೊಳೆದದ್ದು, ಅಷ್ಟನ್ನೂ ಒಮ್ಮೆಲೇ ರೊಟ್ಟಿಯಲ್ಲಿ ಸುತ್ತಿ ಹಾಕಿ ನಾಯಿಯನ್ನು ತಣ್ಣಗೆ ಮಲಗಿಸಿಬಿಡುವುದು. ಎರಡು ದಿನ ಆ ಯೋಚನೆಯನ್ನೇ ಬೀಸಿದಳು, ಕುಟ್ಟಿದಳು. ಆಮೇಲೆ ಅನಿಸಿತು: ನಾಯಿ ಸತ್ತರೆ ಮಲ್ಲೇಶಪ್ಪ ಮುಧೋಳದ ಕಡೆಯಿಂದ ಇನ್ನೊಂದು ಮರಿ ತಂದು ಅದೇ ಕತ್ತಲೆಗೆ ನೂಕುತ್ತಾನೆ. ಸತ್ತದ್ದು ಹುಲಿಯಂಥ ನಾಯಿ ಎಂದು ಊರಿಗೆಲ್ಲ ಹೇಳಿಕೊಂಡು ಮೆರೆಯುತ್ತಾನೆ. ಅದಕ್ಕಿಂತ ಈ ನಾಯಿ ಬದುಕಿರಬೇಕು, ಅವನ ಕೈಯಲ್ಲೇ ಇರಬೇಕು, ಅವನ ಕೆಲಸಕ್ಕೆ ಮಾತ್ರ ಬಾರದಂತಾಗಬೇಕು.

ದಾರಿಯನ್ನು ಮಲ್ಲೇಶಪ್ಪನೇ ತೆರೆದುಕೊಟ್ಟ. ಶಿವರಾತ್ರಿ ಮುಗಿದ ಮೇಲೆ ಅವನು ಹರಕೆ ತೀರಿಸಲು ದೇವರ ಕಂಬಿಯನ್ನು ಹೆಗಲ ಮೇಲೆ ಹೊತ್ತು ಶ್ರೀಶೈಲಕ್ಕೆ ನಡೆದು ಹೊರಟ. ತಿರುಗಿ ಬರುವುದು ಯುಗಾದಿ ಆದ ಮೇಲೆಯೇ. ಹೊರಡುವ ದಿನ ಓಣಿಯ ಜನರೆಲ್ಲ ಕಾಲಿಗೆ ನೀರು ಹಾಕಲು ಸೇರಿದ್ದಾಗ, ಅವನು ಬೀರಪ್ಪನಿಗೆ ಎಲ್ಲರಿಗೂ ಕೇಳುವಂತೆ ಅಪ್ಪಣೆ ಮಾಡಿದ: ತಾನು ಬರುವ ತನಕ ಮನೆಯೊಳಗಿನ ಯಾವ ಜೀವಕ್ಕೂ ಸಂಕಟವಾಗಬಾರದು, ಎತ್ತಿಗಿರಲಿ ನಾಯಿಗಿರಲಿ ಹೊಡೆಯಬಾರದು, ಹಸಿವಿನಿಂದ ಇಡಬಾರದು, ಇಟ್ಟರೆ ತನ್ನ ಕಂಬಿಗೆ ದೋಷ. ಜನ ಅವನ ಭಕ್ತಿಗೆ ಕೈ ಮುಗಿದರು. ಶೇಖವ್ವನೂ ಮುಗಿದಳು.

ಮರುದಿನದಿಂದಲೇ ಅವಳು ಕೆಲಸ ಹಚ್ಚಿದಳು. ಬೀರಪ್ಪ ಅಂಜಿದ, ಬೇಡವೆಂದು ಕೈ ಕಾಲು ಹಿಡಿಯುವಂತೆ ಬೇಡಿಕೊಂಡ. ಅಂದು ಜವಾನನ ಮುಂದೆ ಮುಚ್ಚಿಕೊಂಡ ಬಾಯಿಯನ್ನು ಇನ್ನು ಸ್ವಲ್ಪ ದಿನ ಹಾಗೇ ಮುಚ್ಚಿಕೊಂಡಿರು ಎಂದಳು ಶೇಖವ್ವ. ಅವನು ನಾಯಿಯ ಕೋಣೆಯ ಕೀಲಿಕೈ ಕೊಟ್ಟ.

ಮೊದಲ ದಿನಗಳಲ್ಲಿ ನಾಯಿ ಗುಳಿಗೆಯ ಅಮಲಿಗೆ ಕುಡಿದವರಂತೆ ತೂರಾಡಿತು. ಗುಳಿಗೆಗಳೂ ಬೇಗನೆ ಖಾಲಿಯಾಗುವಂತಿದ್ದವು. ಶೇಖವ್ವ ಸವಣೂರಿಗೆ ಹೋಗಿ ಬಿಬಿಜಾನಳ ಮನೆಯಲ್ಲಿ ಬುತ್ತಿ ಬಿಚ್ಚಿದಳು. ವಿಷಯ ಕೇಳಿ ಬಿಬಿಜಾನ ನಕ್ಕು, ತನ್ನ ಬೆಕ್ಕಿಗೂ ಅದೇ ಸಾಹೇಬರು ಮದ್ದು ಕೊಟ್ಟರೆಂದು ಹೇಳಿದಳು. ಮನೆ ಬದಲಿಸಿದ ಮೇಲೆ ಅದು ಗೋಡೆಯ ಮೂಲೆ ಹಿಡಿದು ತನ್ನ ಮೈಗೂದಲನ್ನೇ ಕಿತ್ತುಕೊಳ್ಳುತ್ತಿತ್ತಂತೆ. ಈಗ ಅವಳ ಎಲೆಬುಟ್ಟಿಯಲ್ಲೇ ಗೊರಕೆ ಹೊಡೆಯುತ್ತ ಮಲಗಿತ್ತು. ಬಿಬಿಜಾನಳೇ ಶೇಖವ್ವನನ್ನು ಸಾಹೇಬರ ಹತ್ತಿರ ಕರೆದುಕೊಂಡು ಹೋದಳು.

ಸಿರಾಜುದ್ದೀನ ಸಾಹೇಬರು ಮಲ್ಲೇಶಪ್ಪನ ನಾಯಿಗೆ ಔಷಧ ಸಲ್ಲುತ್ತಿದೆ ಎಂದು ಕೇಳಿ ಖುಷಿಯಾದರು. ಇನ್ನು ಮೇಲೆ ಅರ್ಧ ಗುಳಿಗೆ ಸಾಕು ಎಂದರು.

"ಆ ನಾಯಿ ಧೈರ್ಯಕ್ಕ ಕಡಿಯಾಂಗಿಲ್ಲವ್ವಾ, ಅಂಜಿ ಕಡೀತೈತಿ. ಯಾ ಸಪ್ಪಳಕ್ಕ ಅಂಜತೈತಿ ನೋಡು, ಆ ಸಪ್ಪಳ ಆದಾಗೆಲ್ಲಾ ತಿನ್ನಾಕ ಏನರ ಕೊಡು. ಮತ್ತ ಒಂದು ನೆನಪಿಟ್ಕೋ, ಗುಳಿಗಿ ಒಮ್ಮಿಗೇ ನಿಲ್ಲಿಸಬ್ಯಾಡ. ನಿಲ್ಲಿಸಿದ್ರ ಮೊದಲಿಗಿಂತ ಜೋರು ಆಗತೈತಿ. ಮೆಲ್ಲಕ ಕಮ್ಮಿ ಮಾಡಬೇಕು."

ಶೇಖವ್ವ ಹೊಸ ಡಬ್ಬಿಯನ್ನು ಸೆರಗಿಗೆ ಕಟ್ಟಿಕೊಂಡಳು. ಎದ್ದವಳು ಬಾಗಿಲಲ್ಲಿ ನಿಂತಳು.

"ಸಾಹೇಬ್ರ, ಅಂಜಿದ ಮಕ್ಕಳಿಗೆ ಈ ಗುಳಿಗಿ ನಡೀತಾವೇನ್ರಿ?"

ಮೂರ್ಛೆರೋಗದ ಜನರಿಗೂ ಇದೇ ಗುಳಿಗೆ ಕೊಡುತ್ತಾರೆ, ಆದರೆ ಮಕ್ಕಳಿಗೆ ನಮ್ಮ ಕೈಯಿಂದ ಕೊಡುವಂಥದ್ದಲ್ಲ ಎಂದ ಸಾಹೇಬರು, ಯಾರಿಗೆ ಬೇಕಾಗಿತ್ತು ಎಂದು ಕೇಳಿದರು. ಯಾರಿಗೂ ಇಲ್ಲವೆಂದು ಹೇಳಿ ಶೇಖವ್ವ ಬಿಸಿಲಿಗೆ ಇಳಿದಳು. ದಾರಿಯುದ್ದಕ್ಕೂ ಅವಳ ಕಣ್ಣು ಉರಿಯುತ್ತಿತ್ತು.

ನಾಯಿಗೆ ಹೆದರಿಕೆ ಇರುವುದು ತೂಕದ ಕಲ್ಲಿನ ಸದ್ದಿಗೆ. ಧಣಿ ಇಲ್ಲದೆ ತೂಕ ನಿಂತಿದ್ದರಿಂದ ಅಂಗಳದಲ್ಲಿ ಯಾರೂ ಇರಲಿಲ್ಲ. ಅವಳು ನಾಯಿಯನ್ನು ಬೆಳಕಿಗೆ ತಂದು ಬೇವಿನ ನೆರಳಲ್ಲಿ ಕಟ್ಟಿದಳು. ಬೆಣ್ಣೆ ಸವರಿದ ರೊಟ್ಟಿಯ ತುಣುಕಿನಲ್ಲಿ ಅರ್ಧ ಗುಳಿಗೆ ಮಡಚಿ ಕೊಡುವಳು. ಆಮೇಲೆ ಸಣ್ಣ ಕಲ್ಲನ್ನು ಪರಡಿಗೆ ಮೆತ್ತಗೆ ಇಡುವಳು, ಒಂದು ತುಣುಕು ಎಸೆಯುವಳು. ಇನ್ನೊಂದು ಕಲ್ಲು, ಇನ್ನೊಂದು ತುಣುಕು. ವಾರ ಕಳೆದಂತೆ ದೊಡ್ಡ ಕಲ್ಲನ್ನೇ ಧಡ್ ಎಂದು ಬೀಳಿಸತೊಡಗಿದಳು. ಮೊದಮೊದಲು ಗೋಡೆಗೆ ಒತ್ತಿಕೊಂಡು ನಡುಗುತ್ತಿದ್ದ ಪ್ರಾಣಿ, ಬರಬರುತ್ತ ಕಲ್ಲಿನ ಸದ್ದು ಕೇಳಿದರೆ ಕಿವಿ ನಿಮಿರಿಸಿ, ಬಾಲ ಬೀಸಿ, ಅವಳ ಕೈಯನ್ನೇ ನೋಡತೊಡಗಿತು. ಮುಂಗಾಲಿನ ಹುಣ್ಣು ಮಾಯ್ದು ಹೊಸ ಕೂದಲು ಬಂತು. ನಾಲ್ಕೂ ಕಾಲು ಮೇಲೆ ಮಾಡಿ ಬಿಸಿಲಿಗೆ ಹೊಟ್ಟೆ ಕಾಯಿಸುತ್ತ ಮಲಗುವುದನ್ನು ಕಲಿಯಿತು.

ಶೇಖವ್ವನಿಗೆ ಅದರ ಮೇಲೆ ಮಮತೆ ಬಂತೆಂದು ಹೇಳಿದರೆ ಸುಳ್ಳು. ಮಗಳ ತೊಡೆಯ ಮೇಲಿನ ಕಲೆ ಅವಳಿಗೆ ದಿನಾ ಸ್ನಾನ ಮಾಡಿಸುವಾಗ ಕಾಣುತ್ತಿತ್ತು. "ತಿನ್ನು," ಎನ್ನುತ್ತಿದ್ದಳು ತುಣುಕು ಎಸೆಯುತ್ತ. "ಚೆಂದಾಗಿ ತಿನ್ನು. ನಿಮ್ಮ ಧಣ್ಯಾರ ಮಾರಿಗೆ ನೀನ ಮಸಿ ಹಚ್ಚಬೇಕು."

ಯುಗಾದಿ ಆಯಿತು. ಮಲ್ಲೇಶಪ್ಪ ಕಾಲು ಬೊಬ್ಬೆಯೆದ್ದು, ಗಡ್ಡ ಬಿಟ್ಟುಕೊಂಡು ಬಂದ. ಮೈ ತುಂಬಿಕೊಂಡಿದ್ದ ನಾಯಿಯನ್ನು ದೂರದಿಂದ ನೋಡಿ ಸಂತೋಷಪಟ್ಟ. ಕೊನೆಯ ಬಿಡಿಸಿನ ಹತ್ತಿ ಬಂದು ಓಣಿಯ ತುಂಬ ಗಾಡಿಗಳು ನಿಂತಿದ್ದವು. ಎರಡು ದಿನ ಮಲಗಿ ಎದ್ದವನೇ ಮಂಚ ಹಾಕಿಸಿ, ಸರಪಳಿ ಹಿಡಿದು ತೂಕಕ್ಕೆ ಕುಳಿತ.

ಶಿಗ್ಗಾಂವಿ ಕಡೆಯ ಗುದ್ಲೆಪ್ಪ ಎಂಬ ರೈತನ ಅಂಡಿಗೆ ಪರಡಿಗೆ ಏರಿತು. ಅವನು ಬಾಯಿಬಡಕ, ಜತೆಗೆ ಪೇಟೆಯಿಂದ ತನ್ನದೇ ಒಂದು ಹೊಸ ಕಿಲೋ ಕಲ್ಲನ್ನು ಕೊಂಡುಕೊಂಡು ಚೀಲದಲ್ಲಿಟ್ಟುಕೊಂಡು ಬಂದಿದ್ದ. ಮನೆಯಲ್ಲಿ ತೂಗಿದ್ದು ಬೇರೆ, ಇಲ್ಲಿ ಬಂದದ್ದು ಬೇರೆ ಎಂದು ತಕರಾರು ತೆಗೆದ. ಮಲ್ಲೇಶಪ್ಪ ಎಂದಿನಂತೆ ಸರಪಳಿಯನ್ನು ಒಂದು ಗೇಣು ಬಿಟ್ಟ.

ಸರದಾರ ಎದ್ದು, ಮೈ ಮುರಿದು, ಆಕಳಿಸಿತು. ಅಷ್ಟರಲ್ಲಿ ಬೀರಪ್ಪ ಮುಂದಿನ ಕಲ್ಲನ್ನು ಪರಡಿಗೆ ಹಾಕಿದ. ಧಡ್ ಎಂದದ್ದೇ ತಡ, ನಾಯಿ ಬಾಲ ಬೀಸುತ್ತ ಗುದ್ಲೆಪ್ಪನ ಮುಂದೆ ಕುಳಿತು, ಬಾಯಿ ಅಗಲಿಸಿ ಅವನ ಕೈ ನೋಡಿತು. ಮಲ್ಲೇಶಪ್ಪ ಇನ್ನೊಂದು ಗೇಣು ಬಿಟ್ಟ. ಹಿಡಿ ಎಂದು ಗದರಿದ. ನಾಯಿ ಜೊಲ್ಲು ಸುರಿಸಿ, ಗುದ್ಲೆಪ್ಪನ ಮೊಣಕಾಲಿಗೆ ತಲೆ ಒರೆಸಿತು.

"ಸಾವ್ಕಾರ್ರ," ಎಂದ ಗುದ್ಲೆಪ್ಪ, "ನಿಮ್ಮ ಹುಲಿ ನನ್ನ ಕಡೆ ರೊಟ್ಟಿ ಕೇಳಾಕತ್ತೈತಿ. ನಾ ಏನ್ ತಂದಿಲ್ಲ, ಒಂದು ಕಲ್ಲು ತಂದೇನಿ. ಹಾಕ್ಲೇನು?"

ಹಿಂದೆ ಯಾರೋ ಕಿಸಕ್ಕೆಂದರು. ಆ ನಗು ಗಾಡಿಯಿಂದ ಗಾಡಿಗೆ ಹಬ್ಬಿತು. ಇಷ್ಟು ವರ್ಷ ನಾಯಿಗೆ ಹೆದರಿ ನುಂಗಿಕೊಂಡ ಮಾತುಗಳೆಲ್ಲ ಒಮ್ಮೆಲೇ ಹೊರಬಿದ್ದವು. ಗುದ್ಲೆಪ್ಪ ಅಂಡಿಗೆ ಇಳಿಸಿ, ತನ್ನ ಕಲ್ಲನ್ನು ಒಂದು ಪರಡಿಗೂ, ಅಷ್ಟೇ ತೂಕದ್ದೆಂದು ಮಲ್ಲೇಶಪ್ಪ ಬಳಸುತ್ತಿದ್ದ ಕಲ್ಲನ್ನು ಇನ್ನೊಂದಕ್ಕೂ ಹಾಕಿದ. ಮಲ್ಲೇಶಪ್ಪನ ಕಲ್ಲು ನೆಲಕ್ಕಿಳಿಯಿತು. ತಿರುಗಿಸಿ ನೋಡಿದರೆ ಅಡಿಗೆ ಸೀಸ ಹೊಯ್ದಿತ್ತು. ರೈತರು ಅಂಡಿಗೆಗಳನ್ನು ಮತ್ತೆ ಗಾಡಿಗೆ ಹೇರತೊಡಗಿದರು.

ಮಲ್ಲೇಶಪ್ಪ ನಾಯಿಯನ್ನು ಒದ್ದ. ಅದು ಹೊಟ್ಟೆ ಮೇಲೆ ಮಾಡಿ ಮಲಗಿತು. ಆಗ ಅವನ ಕಣ್ಣು ಬುತ್ತಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಶೇಖವ್ವನ ಮೇಲೆ ಬಿತ್ತು. ಮಲಗಿದಲ್ಲಿಂದಲೇ ನಾಯಿ ಅವಳ ಕಡೆಗೇ ತಿರುಗಿ ನೋಡುತ್ತಿತ್ತು.

"ಏನ್ ಹಾಕೀಯ ನನ್ನ ನಾಯಿಗೆ?"

"ನಿಮ್ಮ ಹೆಸರಿಲೇ ಡಾಕ್ಟರ್ ಸಾಹೇಬ್ರು ಕೊಟ್ಟ ಗುಳಿಗಿ ಹಾಕೇನ್ರಿ. ಯಾ ಜೀವಕ್ಕೂ ಸಂಕಟ ಆಗಬಾರ್ದು ಅಂತ ಕಂಬಿ ಹೊತ್ತಾಗ ನೀವ ಹೇಳಿದ್ರಲ್ಲ. ಓಣಿ ಮಂದಿ ಎಲ್ಲಾ ಕೇಳ್ಯಾರ."

"ನನ್ನ ನಾಯಿ ಮುಟ್ಟಾಕ ನೀ ಯಾರು?"

"ನಿಮ್ಮ ನಾಯಿ ಅಂತ ಒಪ್ಪಿದ್ರಲ್ಲ, ಅಷ್ಟ ಸಾಕ್ರಿ ನನಗ. ನನ್ನ ಮಗಳನ್ನ ಕಡಿದಾಗ ಅದು ಬೀದಿನಾಯಿ ಆಗಿತ್ತು."

ಮಲ್ಲೇಶಪ್ಪ ಕೈ ಎತ್ತಿದವನು ಸುತ್ತ ನಿಂತ ಜನರನ್ನು ನೋಡಿ ಇಳಿಸಿದ. ಬೀರಪ್ಪನಿಗೆ ನಾಳೆಯಿಂದ ಬರಬೇಡವೆಂದ. ನಾಯಿಯನ್ನು ಎಳೆದೊಯ್ದು ಕತ್ತಲೆ ಕೋಣೆಗೆ ನೂಕಿ ಬಾಗಿಲು ಹಾಕಿದ.

ಕೆಲಸ ಹೋಯಿತೆಂದು ಬೀರಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತ. ಶೇಖವ್ವ ಡಬ್ಬಿ ತೆರೆದು ಉಳಿದ ಗುಳಿಗೆಗಳನ್ನು ನೋಡಿದಳು. ಒಮ್ಮೆಲೇ ನಿಲ್ಲಿಸಿದರೆ ಏನಾಗುತ್ತದೆಂದು ಈ ಊರಿನಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ. ಹೋಗಿ ಹೇಳಬಹುದಿತ್ತು. ಆ ಪ್ರಾಣಿ ಕತ್ತಲೆಯಲ್ಲಿ ಮತ್ತೆ ಕಾಲು ಕಡಿದುಕೊಳ್ಳುತ್ತಿರಬಹುದೆಂದು ನೆನೆದು ಅವಳು ಒಂದು ಸಲ ಬಾಗಿಲ ತನಕ ಹೋಗಿ ಬಂದಳು. ಅವಳು ಡಬ್ಬಿಯ ಮುಚ್ಚಳ ಹಾಕಿ, ಮಗಳ ತಲೆಗೆ ಎಣ್ಣೆ ಹಚ್ಚಲು ಕುಳಿತಳು.

ಮೂರನೆಯ ದಿನ ಖಾರದ ರೊಟ್ಟಿ ತುರುಕಲು ಹೋದ ಮಲ್ಲೇಶಪ್ಪನ ಅಂಗೈಯನ್ನು ಸರದಾರ ಎಲುಬು ಕಾಣುವಂತೆ ಕಡಿಯಿತು.

ಅವನು ಸವಣೂರಿಗೆ ಓಡಿದ. ದವಾಖಾನೆಯ ಡಾಕ್ಟರು ಅವನಿಗೂ ಅದೇ ಪ್ರಶ್ನೆ ಕೇಳಿದರು, ನಾಯಿ ಯಾರದೆಂದು. ಹೊಟ್ಟೆಯ ಸೂಜಿಯ ಹೆಸರು ಕೇಳಿದರೇ ಬೆವರುತ್ತಿದ್ದ ಮಲ್ಲೇಶಪ್ಪ ತನ್ನದೇ ಎಂದ. ಹಾಗಿದ್ದರೆ ಹತ್ತು ದಿನ ನಾಯಿಯನ್ನು ಜೋಪಾನವಾಗಿ ನೋಡಿಕೊಳ್ಳಬೇಕು, ನಡುವೆ ಅದು ಸತ್ತರೆ, ಇಲ್ಲವೇ ಕೊಂದರೆ, ಸೂಜಿ ತಪ್ಪದು ಎಂದರು ಅವರು. ಅಲ್ಲಿಂದ ಸಿರಾಜುದ್ದೀನ ಸಾಹೇಬರ ಹತ್ತಿರ ಹೋದರೆ, ಅವರು ಗುಳಿಗೆ ನಿಲ್ಲಿಸಿದ್ದಕ್ಕೆ ಬೈದರು. ನಾಯಿ ಹೀಗೇ ನೀರು ಕೂಳು ಬಿಟ್ಟು ತನ್ನನ್ನೇ ಕಡಿದುಕೊಂಡರೆ ಹತ್ತು ದಿನ ಬಾಳಲಿಕ್ಕಿಲ್ಲ, ತಮ್ಮಲ್ಲಿದ್ದ ಗುಳಿಗೆಗಳನ್ನೆಲ್ಲ ಆ ಹೆಣ್ಣುಮಗಳಿಗೇ ಕೊಟ್ಟಾಗಿದೆ, ಅವಳನ್ನೇ ಕೇಳಿ ಎಂದು ಕಳಿಸಿದರು.

ಮಾರನೆಯ ದಿನ ಬೆಳಿಗ್ಗೆ ಶೇಖವ್ವ ರೊಟ್ಟಿ ಬಡಿಯುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಕೈಗೆ ಪಟ್ಟಿ ಸುತ್ತಿಕೊಂಡ ಮಲ್ಲೇಶಪ್ಪ ನಿಂತಿದ್ದ. ಬೀರಪ್ಪ ಗಡಬಡಿಸಿ ಎದ್ದ. ಶೇಖವ್ವ ಗಂಡನಿಗೆ ಕೂರಲು ಸನ್ನೆ ಮಾಡಿ, ತವೆಯ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಅದನ್ನು ತೆಗೆದು ಇನ್ನೊಂದು ಬಡಿದಳು. ಮಲ್ಲೇಶಪ್ಪ ನಿಂತೇ ಇದ್ದ. ನೀರಿಗೆ ಹೊರಟ ಹೆಂಗಸರು ಕೊಡ ಕಂಕುಳಲ್ಲಿಟ್ಟು ನಿಂತರು. ಹಿಟ್ಟು ಮುಗಿಯುವ ತನಕ ಅವಳು ತಲೆ ಎತ್ತಲಿಲ್ಲ.

"ಶೇಖವ್ವಾ, ಆ ಗುಳಿಗಿ ಕೊಡವ್ವಾ. ಬೀರಪ್ಪನೂ ಕೆಲಸಕ್ಕ ಬರಲಿ."

"ಬರೂದು ಬಿಡೂದು ಅವರಿಗೆ ಬಿಟ್ಟದ್ರಿ. ನಾ ಕೇಳೂದು ಬ್ಯಾರೆ ಐತಿ. ನನ್ನ ಮಗಳನ್ನ ಯಾರ ನಾಯಿ ಕಡೀತು?"

ಅವನು ಏನೋ ಗೊಣಗಿದ.

"ಒಳಗ ಹೊರಸಿನ ಬುಡಕ ಕುಂತಾಳ್ರಿ ಅಕಿ. ಅಲ್ಲೀತನಾ ಕೇಳಬೇಕು."

ಮಲ್ಲೇಶಪ್ಪ ಓಣಿಯ ಕಡೆ ನೋಡಿದ, ಕೈಯ ಪಟ್ಟಿ ನೋಡಿದ. "ನಮ್ಮ ನಾಯೇ ಕಡೀತು," ಎಂದ. "ನಾ ಸುಳ್ಳು ಹೇಳಿದ್ದೆ. ಆ ಸೂಜಿ ನಿನ್ನ ಮಗಳಿಗೆ ಬೇಕಾಗಿರಲಿಲ್ಲ."

ಒಳಗೆ ಹೊರಸು ಕಿರ್ ಎಂದಿತು. ಶೇಖವ್ವ ಹಿಟ್ಟಿನ ಗಡಿಗೆಯ ಹಿಂದಿನಿಂದ ಡಬ್ಬಿ ತೆಗೆದು, ಹೊರಗೆ ಇಣುಕುತ್ತಿದ್ದ ಮಗಳ ಕೈಗೆ ಕೊಟ್ಟಳು. ಕೊಡುವುದಾದರೆ ಅನ್ನವ್ವನೇ ಕೊಡಬೇಕು, ಬೇಡವೆನಿಸಿದರೆ ಬೇಡ ಎಂದಳು.

ಅನ್ನವ್ವ ಗೋಡೆ ಹಿಡಿದು ಹೊಸ್ತಿಲ ತನಕ ಬಂದಳು. ಆ ದೊಡ್ಡ ಮನುಷ್ಯನ ಬೆವರಿದ ಮುಖವನ್ನು ಬಹಳ ಹೊತ್ತು ನೋಡಿದಳು. ಅವನು ಒಳ್ಳೆಯ ಕೈ ಚಾಚಿದ. ಹುಡುಗಿ ಅವನ ಕೈಗೆ ಹಾಕಲಿಲ್ಲ. ಒಂದು ಗುಳಿಗೆ ತೆಗೆದು, ಹಲ್ಲಿನಿಂದ ಅರ್ಧ ಮಾಡಿ, ಅರ್ಧವನ್ನು ಡಬ್ಬಿಗೆ ಮರಳಿ ಹಾಕಿ, ಉಳಿದರ್ಧವನ್ನು ಅವನ ಕಾಲ ಬಳಿ, ಹೊಸ್ತಿಲ ಕಲ್ಲಿನ ಮೇಲೆ ಇಟ್ಟಳು. ಮಲ್ಲೇಶಪ್ಪ ಬಗ್ಗಿ ಅದನ್ನು ಎತ್ತಿಕೊಳ್ಳಬೇಕಾಯಿತು.

"ಬೆಣ್ಣಿ ಸವರಿ ರೊಟ್ಟ್ಯಾಗ ಕೊಡ್ರಿ, ಖಾರ ಹಚ್ಚಬ್ಯಾಡ್ರಿ," ಎಂದಳು ಶೇಖವ್ವ. "ಸಂಜಿದು ಸಂಜಿಗೆ ಬಂದು ಒಯ್ಯಬೇಕು."

ಎಲ್ಲವನ್ನೂ ಒಮ್ಮೆಲೇ ಕೊಡಬಾರದೇ ಎಂದು ಅವನು ಹೋದ ಮೇಲೆ ಬೀರಪ್ಪ ಕೇಳಿದ. ಶೇಖವ್ವ ಒಲೆಯ ಕೆಂಡ ಕೆದಕಿದಳು. ಸಂಜೆ ಮಲ್ಲೇಶಪ್ಪನನ್ನು ಇನ್ನೂ ಸ್ವಲ್ಪ ಹೊತ್ತು ನಿಲ್ಲಿಸಬೇಕೆಂದುಕೊಂಡು, ಬಿಸಿಲು ಇಳಿದ ಮೇಲೆ ಅವಳು ದೀಪಕ್ಕೆ ಎಣ್ಣೆ ತರಲು ಎದ್ದಾಗ, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡ ಅನ್ನವ್ವ ಆಗಲೇ ಹೊಸ್ತಿಲ ಹೊರಗೆ, ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತು, ಮಲ್ಲೇಶಪ್ಪ ಬರುವ ದಾರಿ ನೋಡುತ್ತಿದ್ದಳು.